ಇಪ್ಪತ್ತನೆಯವರ ಸಿಟ್ಟು

ಜೂನ್ 14, ಶನಿವಾರ

ಹಲ್ಲಿನ ಡಾಕ್ಟರು ನನ್ನ ಬಾಯಿಯೊಳಗೆ ಕನ್ನಡಿ ಹಿಡಿದು, "ನೀವು ನಿದ್ದೇಲಿ ಹಲ್ಲು ಕಡೀತೀರಿ. ಹಿಂದಿನ ನಾಲ್ಕು ಹಲ್ಲು ಸವೆದು ಗೋಲಿ ಥರ ಆಗಿದೆ. ಯಾರ ಮೇಲಾದ್ರೂ ಸಿಟ್ಟಿದೆಯಾ?" ಎಂದರು. ಬಾಯಿ ತೆರೆದೇ ಇದ್ದುದರಿಂದ "ಆಆ" ಎಂದಷ್ಟೇ ಹೇಳಲು ಸಾಧ್ಯವಾಯಿತು. ಅವರು ಅದನ್ನು ಹೌದು ಎಂದು ತಿಳಿದು, "ಮನಸ್ಸಿಗೆ ಬಂದದ್ದನ್ನ ಬರೀತಾ ಹೋಗಿ, ಯಾರಿಗೂ ತೋರಿಸಬೇಡಿ" ಎಂದು ಔಷಧಿ ಚೀಟಿಯಲ್ಲೇ ಬರೆದುಕೊಟ್ಟರು.

ನನಗೆ ಸಿಟ್ಟಿಲ್ಲ. ನಲವತ್ತಮೂರು ವರ್ಷದಲ್ಲಿ ಯಾರಿಗೂ ಗದರಿದವನಲ್ಲ. ಹೋಟೆಲಿನಲ್ಲಿ ಮಸಾಲೆ ದೋಸೆ ಕೇಳಿ ಸೆಟ್ ದೋಸೆ ಬಂದರೆ ಸೆಟ್ ದೋಸೆಯನ್ನೇ ತಿಂದು, ಚೆನ್ನಾಗಿತ್ತು ಎಂದು ಹೇಳಿ ಬರುವವನು. ಹಾಗಂತ ಸಿಟ್ಟು ಎಂದರೇನೆಂದು ಗೊತ್ತಿಲ್ಲದವನೂ ಅಲ್ಲ. ಕಾಲೇಜಿನಲ್ಲಿ ಮನಃಶಾಸ್ತ್ರ ಪಾಠ ಮಾಡುತ್ತೇನೆ. ಏಳು ವರ್ಷದಿಂದ 'ಮಾನವ ಆಕ್ರಮಣಶೀಲತೆಯ ಮಾನಸಿಕ ಕಾರಣಗಳು' ಎಂಬ ವಿಷಯದ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ. ಯಾರು ಯಾಕೆ ಹೊಡೆಯುತ್ತಾರೆ ಎಂಬುದಕ್ಕೆ ನನ್ನ ಬಳಿ ಮುನ್ನೂರು ಪುಟ ಉತ್ತರವಿದೆ.

ಪುಷ್ಪಾ ಮಾತ್ರ, "ಡಾಕ್ಟ್ರು ಸರಿಯಾಗೇ ಹೇಳಿದಾರೆ ರೀ. ನಿಮ್ಮ ಹಲ್ಲಿನ ಸದ್ದಿಗೆ ಇಲಿ ಬಂತು ಅಂತ ಎಷ್ಟು ಸಲ ಎದ್ದು ಕೂತಿದೀನಿ" ಎಂದಳು. ಹೆಂಡತಿಯರು ಅಂಕಿಅಂಶವಿಲ್ಲದೆ ಮಾತಾಡುತ್ತಾರೆ.

ಜೂನ್ 16, ಸೋಮವಾರ

ನನ್ನ ಗೈಡ್ ಪ್ರೊಫೆಸರ್ ಹೂವಪ್ಪನವರು ಇವತ್ತು ನನ್ನ ಕಡತವನ್ನು ಮೇಜಿನ ಮೇಲೆ ಎಸೆದರು. ಎಸೆದರು ಎನ್ನುವುದು ಸ್ವಲ್ಪ ಹೆಚ್ಚಾಯಿತು. ಇಟ್ಟರು, ಆದರೆ ದೂರದಿಂದ.

"ಇಪ್ಪತ್ತು ಜನ ಬೇಕು ಅಂದ್ರೆ ಹತ್ತೊಂಬತ್ತು ಜನ ತಂದಿದೀಯ. ಎಲ್ಲಾ ಹಾಸ್ಟೆಲ್ ಹುಡುಗ್ರು. ಅವರಿಗೆ ಬರೋದು ಸಿಟ್ಟಲ್ಲ ಕಣಯ್ಯ, ಹಸಿವು! ಪೊಲೀಸ್ ಕೇಸ್ ಆಗಿರೋ ಒಬ್ಬ ಹೆಂಗಸನ್ನ ಹುಡುಕು. ಇಲ್ಲಾಂದ್ರೆ ನಿನ್ನ ಥೀಸಿಸ್‌ಗೆ ನಾನು ಸೈನ್ ಹಾಕಲ್ಲ."

"ಆಗ್ಲಿ ಸರ್."

"ಹೋಗ್ತಾ ನಮ್ಮನೆ ಮಿಕ್ಸಿ ರಿಪೇರಿಗೆ ಕೊಟ್ಟು ಹೋಗು."

"ಆಗ್ಲಿ ಸರ್."

ಅವರ ಸಿಟ್ಟಿಗೆ ಕಾರಣವಿತ್ತು. ನಿನ್ನೆ ಅವರ ಕುಟುಂಬವನ್ನು ಗಾಜನೂರಿಗೆ ಕಾರಿನಲ್ಲಿ ಕರೆದುಕೊಂಡು ಹೋಗಿದ್ದೆ. ಅವರೆಲ್ಲ ಅಣೆಕಟ್ಟು ನೋಡುವಾಗ ಪುಳಿಯೋಗರೆ ಡಬ್ಬವನ್ನು ಮಂಗನಿಂದ ಕಾಯುವ ಕೆಲಸ ನನ್ನದಾಗಿತ್ತು. ಮಂಗ ಬಂತು. ನಾನು ಮಂಗಕ್ಕೂ ಗದರಲಿಲ್ಲ. ಹೀಗೆ ಪುಳಿಯೋಗರೆಯ ನಿರಾಶೆ ಥೀಸಿಸ್ ಕಡೆಗೆ ತಿರುಗಿದೆ. ಇದನ್ನು ನಾನು ಎರಡನೇ ಅಧ್ಯಾಯದಲ್ಲಿ ವಿವರವಾಗಿ ಬರೆದಿದ್ದೇನೆ, ಮಂಗ ಒಂದಿಲ್ಲ ಅಷ್ಟೆ.

ಜೂನ್ 22, ಭಾನುವಾರ

ಸಿಕ್ಕರು! ಭದ್ರಾವತಿಯ ಠಾಣೆಯೊಂದರಲ್ಲಿ ಕಾನ್‌ಸ್ಟೇಬಲ್ ಆಗಿರುವ ನನ್ನ ಹಳೆಯ ವಿದ್ಯಾರ್ಥಿ ಯೋಚನೆಯನ್ನೇ ಮಾಡದೆ ಹೆಸರು ಹೇಳಿದ: "ಶಂಕ್ರಕ್ಕ ಸರ್. ಹಳೇ ನಗರದಲ್ಲಿ ಹಿಟ್ಟಿನ ಗಿರಣಿ ಇಟ್ಟಿದಾರೆ. ಒಬ್ಬನ ಮೇಲೆ ಖಾರದ ಪುಡಿ ಸುರಿದ ಕೇಸು. ಹೋಗಿ, ಆದ್ರೆ ಕ್ಯೂ ಮಾತ್ರ ತಪ್ಪಿಸಬೇಡಿ."

ಶಿವಮೊಗ್ಗದ ನಮ್ಮ ವಿದ್ಯಾನಗರದಿಂದ ಬಸ್ಸು ಹಿಡಿದು ಹೋದೆ. ಗಿರಣಿ ಚಿಕ್ಕದು. ಬಾಗಿಲ ಹೊರಗೆ ಡಬ್ಬಗಳ ಸಾಲು, ಡಬ್ಬಗಳ ಹಿಂದೆ ಜನರ ಸಾಲು. ಒಳಗೆ ಬೆಲ್ಟು ತಿರುಗುವ ಸದ್ದಿಗೆ ಎದೆಯೇ ನಡುಗುತ್ತದೆ. ನಡುವೆ ಅಡಿಯಿಂದ ಮುಡಿಯವರೆಗೆ ಹಿಟ್ಟು ಮೆತ್ತಿಕೊಂಡ, ಅರವತ್ತರ ಆಸುಪಾಸಿನ ಗಟ್ಟಿ ಹೆಂಗಸು, ಶಂಕರಮ್ಮ. ಮೂಲೆಯ ಸ್ಟೂಲಿನ ಮೇಲೆ ಆಕೆಯ ಗಂಡ ಶೇಷಪ್ಪ. ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಈಗಿನ ಕೆಲಸ ಗಿರಣಿಯ ಸ್ವಿಚ್ಚು ಹಾಕುವುದು, ಆರಿಸುವುದು.

ಪ್ರಶ್ನಾವಳಿ ತೆಗೆದು ಮೊದಲನೆಯದನ್ನು ಓದಿದೆ. "ಯಾರಾದರೂ ನಿಮ್ಮನ್ನು ತಳ್ಳಿದರೆ ನಿಮಗೆ ಮರಳಿ ತಳ್ಳಬೇಕೆಂದು ಅನ್ನಿಸುತ್ತದೆಯೇ? ಎಂದೂ ಇಲ್ಲ, ಕೆಲವೊಮ್ಮೆ, ಯಾವಾಗಲೂ."

"ಏನು?" ಎಂದರು ಆಕೆ.

ಇನ್ನೊಮ್ಮೆ ಓದಿದೆ.

"ಏನ್ ಸ್ವಾಮಿ, ಸೊಳ್ಳೆ ಹಾಡಿದಂಗೆ ಹಾಡ್ತೀರಾ! ಜೋರಾಗಿ ಹೇಳಿ!"

ಕೂಗಿದೆ. ಜೀವನದಲ್ಲಿ ಮೊದಲ ಬಾರಿ ಅಷ್ಟು ಕೂಗಿರಬೇಕು. ಕ್ಯೂನಲ್ಲಿದ್ದ ಹೆಂಗಸರೆಲ್ಲ ನನ್ನತ್ತ ತಿರುಗಿದರು. ಶಂಕರಮ್ಮ ಕೈಯಲ್ಲಿದ್ದ ರಾಗಿ ಡಬ್ಬವನ್ನು ಕೆಳಗಿಟ್ಟು, "ಯಾವನು ತಳ್ಳಿದ್ದು? ಹೆಸರು ಹೇಳಿ" ಎಂದರು.

ಉತ್ತರದ ಜಾಗದಲ್ಲಿ 'ಯಾವಾಗಲೂ' ಎಂದು ಗುರುತು ಹಾಕಿಕೊಂಡೆ. ಇವರು ನನ್ನ ವ್ಯಕ್ತಿ ಸಂಖ್ಯೆ 20.

ಜೂನ್ 29, ಭಾನುವಾರ

ವ್ಯಕ್ತಿ ಸಂಖ್ಯೆ 20ರ ಆಕ್ರಮಣಶೀಲತೆಗೆ ಕಾರಣ ಶಬ್ದ ಎಂಬುದು ಈ ವಾರದ ನನ್ನ ಊಹೆ. ಫೋನಿನಲ್ಲಿ ಶಬ್ದ ಅಳೆಯುವ ಆ್ಯಪ್ ಹಾಕಿಕೊಂಡು ಹೋಗಿದ್ದೆ. ಗಿರಣಿ ಓಡುವಾಗ ಮುಳ್ಳು ಕೊನೆ ಮುಟ್ಟಿತು. ನಿಲ್ಲಿಸಿದಾಗ ಕೆಳಗಿಳಿಯಿತು. ಶಂಕರಮ್ಮ ಬಾಯಿ ತೆರೆದಾಗ ಮತ್ತೆ ಕೊನೆ ಮುಟ್ಟಿತು.

ಖಾರದ ಪುಡಿಯ ಪ್ರಕರಣವನ್ನು ಅವರೇ ಹೇಳಿದರು. ಒಬ್ಬ ಬಿಳಿ ಅಂಗಿಯವನು ಎಲ್ಲರ ಡಬ್ಬವನ್ನು ಕಾಲಲ್ಲಿ ಸರಿಸಿ ತನ್ನ ಚೀಲ ಮುಂದಿಟ್ಟನಂತೆ. ಇವರು ಕೇಳಿದ್ದಕ್ಕೆ, "ನಾನು ಯಾರು ಗೊತ್ತಾ?" ಎಂದನಂತೆ.

"ಗೊತ್ತಿರಲಿಲ್ಲ. ಅದಕ್ಕೇ ಗುರುತಿಗೆ ಇರ್ಲಿ ಅಂತ ಒಂದು ಬೊಗಸೆ ಖಾರ ಹಾಕ್ದೆ. ಆಮೇಲೆ ಎಲ್ಲರಿಗೂ ಗೊತ್ತಾಯ್ತು ಅವನು ಯಾರು ಅಂತ."

"ಅಂದರೆ ನ್ಯಾಯಕ್ಕಾಗಿ ಹೊಡೆದಿರಿ" ಎಂದು ಬರೆದುಕೊಳ್ಳತೊಡಗಿದೆ.

"ಹಂಗೆ ಬರೀಬೇಡಿ ಮೇಷ್ಟ್ರೇ. ಎರಡು ಸಲ ಸುಮ್ಸುಮ್ನೆ ಹೊಡೆದಿದೀನಿ. ಚೆನ್ನಾಗಿತ್ತು."

ಸ್ಟೂಲಿನ ಮೇಲಿದ್ದ ಶೇಷಪ್ಪ ತಲೆಯಾಡಿಸಿದರು. ಆ ಎರಡರಲ್ಲಿ ಒಂದು ಅವರದಿರಬಹುದು. ಕೇಳಲಿಲ್ಲ.

ಹೊರಡುವ ಮೊದಲು ಆಕೆ ಎರಡು ಕೈಯೆತ್ತಿ ಒಬ್ಬ ಗಿರಾಕಿಗೆ ಬೈಯುತ್ತಿದ್ದಾಗ ಒಂದು ಫೋಟೋ ತೆಗೆದೆ. ಅವರಿಗೆ ಗೊತ್ತಾಗಲಿಲ್ಲ. ಸಹಜ ಭಾವ ಬೇಕೆಂದರೆ ಹೀಗೇ ತೆಗೆಯಬೇಕು. ಅದ್ಭುತವಾಗಿ ಬಂದಿದೆ.

ಜುಲೈ 3, ಗುರುವಾರ

ಹೂವಪ್ಪನವರಿಗೆ ಟಿಪ್ಪಣಿಗಳನ್ನೂ ಫೋಟೋವನ್ನೂ ಕಳಿಸಿದೆ. ಏಳು ವರ್ಷದಲ್ಲಿ ಮೊದಲ ಬಾರಿ "ಗುಡ್" ಎಂಬ ಉತ್ತರ ಬಂತು. ಸಂತೋಷದಲ್ಲಿ ಅವರ ಮನೆಯ ಮಿಕ್ಸಿಯನ್ನು ನಾನೇ ಬಿಡಿಸಿಕೊಂಡು ಬಂದೆ.

ಜುಲೈ 13, ಭಾನುವಾರ

ಇವತ್ತು ಸಂದರ್ಶನ ಕೈತಪ್ಪಿ ಹೋಯಿತು. ಕರೆಂಟು ಹೋಗಿ ಗಿರಣಿ ನಿಂತಿತ್ತು. ನಾನು ನಿರಾಶೆಗೂ ಆಕ್ರಮಣಕ್ಕೂ ಇರುವ ಸಂಬಂಧ ವಿವರಿಸುತ್ತಿದ್ದೆ. ಶಂಕರಮ್ಮ ಅರ್ಧದಲ್ಲೇ ಕೇಳಿದರು: "ಅದಿರ್ಲಿ, ನಿಮಗೆ ಸಿಟ್ಟು ಬರಲ್ವಾ?"

"ಇಲ್ಲ."

"ಒಂದ್ಸಲಾನೂ?"

"ಇಲ್ಲ."

"ಸಿಟ್ಟು ಬರದೇ ಇರೋರು ಇಬ್ಬರೇ ಮೇಷ್ಟ್ರೇ. ಒಬ್ಬ ಸನ್ಯಾಸಿ, ಇನ್ನೊಬ್ಬ ಸುಳ್ಳ. ನೀವು ಮದುವೆ ಆಗಿದೀರಿ."

ಆಮೇಲೆ ಅವರು ಕೇಳುತ್ತ ಹೋದರು, ನಾನು ಹೇಳುತ್ತ ಹೋದೆ. ಪುಳಿಯೋಗರೆ, ಮಿಕ್ಸಿ, ಹೂವಪ್ಪನವರ ಮಗಳ ಮದುವೆಯಲ್ಲಿ ನಾನು ಚಪ್ಪಲಿ ಸ್ಟ್ಯಾಂಡ್ ನೋಡಿಕೊಂಡದ್ದು, ನನ್ನದೇ ಲೇಖನದಲ್ಲಿ ಅವರ ಹೆಸರು ಮೊದಲು ಬಂದು ನನ್ನ ಹೆಸರು ಅಡಿಟಿಪ್ಪಣಿಗೆ ಹೋದದ್ದು. ಹೇಳುವಾಗ ನಗುತ್ತಲೇ ಇದ್ದೆ. ನಗು ಯಾಕೋ ಅವರಿಗೆ ಹತ್ತಲಿಲ್ಲ.

"ಇಷ್ಟೆಲ್ಲ ಎಲ್ಲಿಟ್ಕೊಂಡಿದೀರಿ ಮಾರಾಯ್ರೇ?" ಎಂದರು.

"ಹಲ್ಲಲ್ಲಿ" ಎಂದರು ಶೇಷಪ್ಪ. ಮೂರು ಭಾನುವಾರದಲ್ಲಿ ಅವರಾಡಿದ ಮೊದಲ ಮಾತು. ಬಸ್ಸಿಗೆ ಕಾಯುವಾಗ ನಾನು ದವಡೆ ಒತ್ತುವುದನ್ನು ನೋಡಿದ್ದರಂತೆ.

ಜುಲೈ 20, ಭಾನುವಾರ

ಶಂಕರಮ್ಮನ ಜಗಳಗಳ ಪಟ್ಟಿ ಮಾಡಿದೆ. ಒಟ್ಟು ಏಳು. ಯಾರ ಜೊತೆ, ಯಾವ ತಿಂಗಳು, ಸೆಖೆ ಎಷ್ಟಿತ್ತು, ಊಟವಾಗಿತ್ತೇ ಎಂಬುದೆಲ್ಲ ಬಂತು. ಬಾಲ್ಯದ ನೋವು ಇರಬೇಕೆಂದು ಕೆದಕಿದೆ. "ಬಾಲ್ಯ ಚೆನ್ನಾಗಿತ್ತು, ಎಲ್ಲರಿಗೂ ಹೊಡೀತಿದ್ದೆ" ಎಂದರು. ನಾಲ್ಕನೇ ಅಧ್ಯಾಯಕ್ಕೆ ಪೆಟ್ಟು.

ಏಳನೆಯ ಜಗಳದ ಮುಂದೆ ಖಾಲಿ ಬಿಡಬೇಕಾಯಿತು. "ಅದು ಬೇಡ" ಎಂದರು. ಒತ್ತಾಯಿಸಿದೆ. "ಬೇಡ ಅಂದ್ನಲ್ಲ" ಎಂದರು, ಮೆಲ್ಲಗೆ. ಅವರಿಗೆ ಮೆಲ್ಲಗೆ ಮಾತಾಡಲು ಬರುತ್ತದೆ ಎಂಬುದು ಗೊತ್ತಿರಲಿಲ್ಲ.

ಜುಲೈ 25, ಶುಕ್ರವಾರ

ಕಾಲೇಜಿನಲ್ಲಿ ಹಿಂದಿನ ಬೆಂಚಿನವರು ಇವತ್ತು ನೋಟ್ಸ್ ಬರೆದುಕೊಂಡರು. ಯಾಕೆಂದು ಕೇಳಿದೆ. "ಈಗ ಕೇಳಿಸುತ್ತೆ ಸರ್" ಎಂದರು. ಹೋಟೆಲಿನಲ್ಲಿ ಸೆಟ್ ದೋಸೆ ಬಂತು, ವಾಪಸ್ ಕಳಿಸಿದೆ. ಸಪ್ಲೈಯರ್ ಬೇಸರವನ್ನೇನೂ ಮಾಡಿಕೊಳ್ಳಲಿಲ್ಲ. ಇಷ್ಟು ಸುಲಭವೆಂದು ಯಾರೂ ಹೇಳಿರಲಿಲ್ಲ.

ಪುಷ್ಪಾ ಬೆಳಿಗ್ಗೆ ಕಾಫಿ ಕೊಡುತ್ತ, "ಈ ವಾರ ಇಲಿ ಬಂದಿಲ್ಲ ರೀ" ಎಂದಳು. ಬೋನು ಇಟ್ಟಿದ್ದಾಳೇನೋ.

ಆಗಸ್ಟ್ 2, ಶನಿವಾರ

ಕ್ರಮವಾಗಿ ಬರೆಯಬೇಕು.

ಇವತ್ತು ಶಿವಮೊಗ್ಗದಲ್ಲಿ ವಿಚಾರ ಸಂಕಿರಣ. ಹೂವಪ್ಪನವರಿಗೆ ಸನ್ಮಾನ, ಆಮೇಲೆ ಅವರದೇ ಉಪನ್ಯಾಸ. ಶಾಲು, ಹಾರ, ಹಣ್ಣಿನ ಬುಟ್ಟಿ, ತಲೆಗೆ ಮೈಸೂರು ಪೇಟ. ಆ ಪೇಟದಲ್ಲೇ ಅವರು ಮಾತಿಗೆ ನಿಂತರು. ಎರಡು ನಿಮಿಷದಲ್ಲಿ ಗೊತ್ತಾಯಿತು, ಅವರು ಓದುತ್ತಿರುವುದು ನನ್ನ ಟಿಪ್ಪಣಿ. ಅಲ್ಪವಿರಾಮ ಕೂಡ ನನ್ನದೇ. ನನಗೆ ಏನೂ ಅನ್ನಿಸಲಿಲ್ಲ. ಏಳು ವರ್ಷದ ಅಭ್ಯಾಸ.

ಆಮೇಲೆ ಪರದೆಯ ಮೇಲೆ ಶಂಕರಮ್ಮ ಬಂದರು. ಗೋಡೆಯಷ್ಟು ದೊಡ್ಡದಾಗಿ, ಬಾಯಿ ತೆರೆದು, ಎರಡೂ ಕೈ ಎತ್ತಿ. ಕೆಳಗೆ 'ಭದ್ರಾವತಿಯ ಭದ್ರಕಾಳಿ' ಎಂದು ಬರೆದಿತ್ತು. ಇನ್ನೂರು ಜನ ನಕ್ಕರು. ಹೂವಪ್ಪ ಕೋಲಿನಿಂದ ಆಕೆಯ ಹಣೆ ಮುಟ್ಟಿ, "ಇವಳ ಮಿದುಳಿಗೂ ಇವಳ ಗಿರಣಿಗೂ ವ್ಯತ್ಯಾಸ ಇಲ್ಲ. ಹಾಕಿದ್ದನ್ನ ಪುಡಿ ಮಾಡೋದೊಂದೇ ಗೊತ್ತು" ಎಂದರು. ಇನ್ನೂ ಜೋರಾಗಿ ನಕ್ಕರು.

"ಆ ಫೋಟೋ ತೆಗೆದುಹಾಕಿ!" ಎಂದು ಯಾರೋ ಕೂಗಿದರು. ಯಾರೆಂದು ನಾನೂ ಹಿಂದೆ ತಿರುಗಿ ನೋಡಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಎದ್ದು ನಿಂತಿದ್ದೆ.

"ಯುವರಾಜ್, ಕೂತ್ಕೊಳ್ಳಯ್ಯ" ಎಂದರು ಹೂವಪ್ಪ.

"ಫೋಟೋ ತೆಗೀರಿ ಸರ್." ಗಿರಣಿ ಓಡುತ್ತಿದ್ದರೂ ಕೇಳಿಸುವಂಥ ಧ್ವನಿ. ಸಭಾಂಗಣದಲ್ಲಿ ಗಿರಣಿ ಇರಲಿಲ್ಲ.

"ಮಿಕ್ಸಿ ರಿಪೇರಿ ಮಾಡಿಸೋನು ನನಗೆ ಹೇಳ್ಕೊಡ್ತೀಯೇನೋ?"

ವೇದಿಕೆಯ ಮೆಟ್ಟಿಲು ಹತ್ತಿದ್ದು ನೆನಪಿಲ್ಲ. ಪ್ರೊಜೆಕ್ಟರಿನ ವೈರು ಕಿತ್ತದ್ದು ನೆನಪಿದೆ. ಆಮೇಲೆ, ಇದನ್ನು ಬರೆಯಲೇಬೇಕು, ಹೂವಪ್ಪನವರ ತಲೆಯ ಮೇಲಿಂದ ಪೇಟವನ್ನು ಎರಡೂ ಕೈಯಿಂದ ಎತ್ತಿ ಹಣ್ಣಿನ ಬುಟ್ಟಿಯಲ್ಲಿ ಇಟ್ಟೆ. ಸಾವಕಾಶವಾಗಿ, ಒಂದು ಬಾಳೆಹಣ್ಣೂ ಜಜ್ಜದಂತೆ.

ಮಧ್ಯಾಹ್ನದ ಊಟಕ್ಕೆ ನಿಲ್ಲಲಿಲ್ಲ. ಹೋಳಿಗೆ ಇತ್ತಂತೆ.

ಆಗಸ್ಟ್ 6, ಬುಧವಾರ

ಹೂವಪ್ಪ ನನ್ನನ್ನು ಕೈಬಿಟ್ಟರು. ಕಾಲೇಜಿನಿಂದ ನೋಟಿಸು ಬಂತು: 'ತಮ್ಮ ಆಕ್ರಮಣಕಾರಿ ವರ್ತನೆಗೆ ಕಾರಣವೇನೆಂದು ಏಳು ದಿನದೊಳಗೆ ಲಿಖಿತವಾಗಿ ತಿಳಿಸುವುದು.'

ಮುನ್ನೂರು ಪುಟ ಬರೆದವನಿಗೆ ಇದೆಂಥ ಪ್ರಶ್ನೆ ಎಂದು ಪೆನ್ನು ಹಿಡಿದು ಕೂತೆ. ಸಭಾಂಗಣದಲ್ಲಿ ಸೆಖೆಯಿತ್ತು ಎಂದು ಬರೆದೆ. ಫ್ಯಾನು ನನ್ನ ತಲೆಯ ಮೇಲೇ ಇದ್ದದ್ದು ನೆನಪಾಗಿ ಹೊಡೆದು ಹಾಕಿದೆ. ಹಸಿವು ಎಂದು ಬರೆದೆ. ಹನ್ನೊಂದಕ್ಕೆ ಎರಡು ಉದ್ದಿನವಡೆ ತಿಂದಿದ್ದೆ. ದೀರ್ಘಕಾಲದ ಅವಮಾನ ಎಂದು ಬರೆದೆ. ಅದು ನಿಜ, ಆದರೆ ಪೇಟ ಎತ್ತುವಾಗ ನನ್ನ ಅವಮಾನ ಒಂದೂ ನೆನಪಿರಲಿಲ್ಲ.

ಪುಷ್ಪಾ ಹೆಗಲ ಮೇಲಿಂದ ಇಣುಕಿ, "ಅವರು ನಕ್ಕರು, ನನಗೆ ತಡೆಯೋಕಾಗಲಿಲ್ಲ ಅಂತ ಬರೀರಿ" ಎಂದಳು. ಅಷ್ಟನ್ನೇ ಬರೆದೆ. ಪೇಟ ತೆಗೆದದ್ದು ತಪ್ಪು, ಅದಕ್ಕೆ ವಿಷಾದವಿದೆ ಎಂದೂ ಸೇರಿಸಿದೆ. ಎರಡನೆಯದು ಅರ್ಧ ಸುಳ್ಳು.

ಭಾನುವಾರ ಶಂಕರಮ್ಮನಿಗೆ ಇದೆಲ್ಲ ಹೇಳಬೇಕು. ಎಷ್ಟು ಖುಷಿಪಡುತ್ತಾರೋ!

ಆಗಸ್ಟ್ 10, ಭಾನುವಾರ

ಹೇಳಿದೆ. ಅಭಿನಯ ಸಮೇತ ಹೇಳಿದೆ. ಪೇಟದ ಭಾಗ ಬಂದಾಗ ಕ್ಯೂನವರು ಚಪ್ಪಾಳೆ ತಟ್ಟಿದರು. ಶೇಷಪ್ಪ ನಗು ತಡೆಯಲಾರದೆ ಸ್ವಿಚ್ಚು ಆರಿಸಿಬಿಟ್ಟರು.

ಶಂಕರಮ್ಮ ನಗಲಿಲ್ಲ. "ಯಾವ ಫೋಟೋ?" ಎಂದರು.

"ನಿಮ್ಮದು."

"ನಾನು ಯಾವಾಗ ಫೋಟೋ ತೆಗೆಸ್ಕೊಂಡೆ?"

ಗಿರಣಿ ನಿಂತಿದ್ದರಿಂದ ಎಲ್ಲರಿಗೂ ಎಲ್ಲವೂ ಕೇಳಿಸುತ್ತಿತ್ತು.

"ನಾನು ತೆಗೆದಿದ್ದೆ. ಒಂದು ದಿನ, ನೀವು ಬೈತಿರುವಾಗ."

"ಅವನಿಗೆ ಕೊಟ್ಟಿದ್ದು ಯಾರು?"

ನನ್ನ ಕೈ ಫೋನಿದ್ದ ಜೇಬನ್ನು ಮುಚ್ಚಿಕೊಂಡಿತು.

"ತೋರ್ಸಿ."

ತೋರಿಸಿದೆ. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ಫೋನು ದೂರ ಹಿಡಿದು, ಬಹಳ ಹೊತ್ತು ನೋಡಿದರು. "ನಾನು ಹಿಂಗೆ ಕಾಣ್ತೀನಾ?" ಎಂದು ಗಂಡನನ್ನು ಕೇಳಿದರು. ಶೇಷಪ್ಪ ಸ್ಟೂಲಿನಿಂದ ಎದ್ದು ಬಂದು ಆಕೆಯ ಪಕ್ಕ ನಿಂತರು.

ಅವರು ಬೈದಿದ್ದರೆ ಬಚಾವಾಗುತ್ತಿದ್ದೆ. ಖಾರದ ಪುಡಿಯ ಡಬ್ಬ ಕೈಗೆಟಕುವಲ್ಲೇ ಇತ್ತು. ಫೋನು ನನ್ನ ಕೈಗೆ ಕೊಟ್ಟು, ಮುಂದಿನವರ ಡಬ್ಬ ಎತ್ತಿಕೊಂಡರು, ಅಷ್ಟೆ.

ಆಗಸ್ಟ್ 11, ಸೋಮವಾರ

ಇವತ್ತು ಏನೂ ಬರೆಯುವಂಥದ್ದಿಲ್ಲ.

ಆಗಸ್ಟ್ 14, ಗುರುವಾರ

ನಲವತ್ತೊಂದು ಪುಟ ಟಿಪ್ಪಣಿಯನ್ನು ಮೊದಲಿಂದ ಓದಿದೆ. ಆಕೆ ಯಾರಿಗೆ ಹೊಡೆದರು ಎಂಬುದಿದೆ, ಎಷ್ಟು ಜೋರಾಗಿ ಎಂಬುದೂ ಇದೆ. 'ಬರೆದುಕೊಳ್ಳಬಹುದೇ?' ಎಂದು ನಾನು ಕೇಳಿದ್ದು ಒಂದು ಪುಟದಲ್ಲೂ ಇಲ್ಲ. ಸದ್ದಿಲ್ಲದೆ ಹೊಡೆಯುವವರ ಬಗ್ಗೆ ನನ್ನ ಥೀಸಿಸ್‌ನಲ್ಲಿ ಅಧ್ಯಾಯವಿಲ್ಲ.

ನನ್ನ ಫೋನಿನ ಫೋಟೋ ಅಳಿಸಿದೆ. ಹೂವಪ್ಪನವರ ಮನೆಗೆ ಹೋಗಿ, ಅವರ ಕಂಪ್ಯೂಟರಿನಲ್ಲಿರುವುದನ್ನೂ ಅಳಿಸಿ ಎಂದು ಕೇಳಿದೆ. ಆಗೋದಿಲ್ಲ ಎಂದರು. ವರಾಂಡದ ಮೆಟ್ಟಿಲ ಮೇಲೆ ಕೂತೆ. ಪೊಲೀಸರನ್ನು ಕರೆಯುತ್ತೇನೆ ಎಂದರು. ಕರೆಯಿರಿ ಸರ್, ಕಾಯುತ್ತೇನೆ ಎಂದೆ. ಹತ್ತಕ್ಕೆ ಕೂತವನು ಹನ್ನೆರಡೂವರೆಯಾದರೂ ಏಳಲಿಲ್ಲ. ಧ್ವನಿ ಏರಿಸಲಿಲ್ಲ. ಅವರ ಹೆಂಡತಿ ಎರಡು ಸಲ ಕಾಫಿ ಕೊಟ್ಟರು, ಎರಡನೆಯ ಸಲ ಒಳಗೆ ಹೋಗಿ, "ಅಳಿಸಿ ಸಾಯ್ರೀ, ಪಾಪ, ಮಿಕ್ಸಿ ಎಲ್ಲ ಮಾಡಿಸಿಕೊಟ್ಟಿದಾರೆ" ಎಂದದ್ದು ಕೇಳಿಸಿತು.

ಲ್ಯಾಪ್‌ಟಾಪ್ ಹೊರಗೆ ತಂದು ನನ್ನೆದುರೇ ಅಳಿಸಿದರು. ಥ್ಯಾಂಕ್ಸ್ ಹೇಳಿ ಬಂದೆ. 'ಸರ್' ಎನ್ನಲು ಮರೆತೆ.

ಆಗಸ್ಟ್ 17, ಭಾನುವಾರ

ಪ್ರಶ್ನಾವಳಿ ಒಯ್ಯಲಿಲ್ಲ. ಐದು ಕೆಜಿ ಗೋಧಿ ಡಬ್ಬದಲ್ಲಿ ತುಂಬಿಕೊಂಡು ಹೋಗಿ ಕ್ಯೂನ ಕೊನೆಗೆ ನಿಂತೆ. ನನ್ನ ಸರದಿ ಬಂದಾಗ ಹಿಂದಿನವರಿಗೆ ಬನ್ನಿ ಎಂದರು. ಮತ್ತೆ ಬಂದಾಗ ಮತ್ತೆ ಹಿಂದಿನವರಿಗೆ. ನಾನು ನಿಂತೇ ಇದ್ದೆ. ಎಲ್ಲರೂ ಹೋದ ಮೇಲೆ ನನ್ನ ಡಬ್ಬ ಎತ್ತಿಕೊಂಡರು.

"ಎರಡೂ ಕಡೆ ಅಳಿಸಿದೀನಿ" ಎಂದೆ. "ಕೇಳದೆ ತೆಗೆದದ್ದು ತಪ್ಪು. ನೀವು ಹೊಡೆದಿದ್ದರೆ ಚೆನ್ನಾಗಿತ್ತು."

"ಹೊಡೆದ್ರೆ ನಿಮಗೆ ಹಗುರ ಆಗುತ್ತೆ. ಸ್ವಲ್ಪ ದಿನ ಹೊತ್ಕೊಂಡಿರಿ."

ಗೋಧಿ ಬೀಸಿ ಹಿಟ್ಟನ್ನು ಡಬ್ಬಕ್ಕೆ ತುಂಬಿದರು. ಬೆಲ್ಟು ನಿಂತ ಮೇಲೆ ಹೇಳಿದರು: "ನನ್ನನ್ನೂ ಒಬ್ಬಳು ಹನ್ನೊಂದು ವರ್ಷದಿಂದ ಹಿಂಗೇ ಇಟ್ಟಿದಾಳೆ."

ಏಳನೆಯ ಜಗಳ. ತಂಗಿ ಪದ್ಮಮ್ಮ. ತಾಯಿಯ ತಿಥಿಯ ದಿನ, ನೆಂಟರೆಲ್ಲ ಊಟಕ್ಕೆ ಕೂತಿದ್ದಾಗ ಆಕೆ, "ಅಮ್ಮ ನಿನ್ನ ಬಾಯಿಗೆ ಹೆದರಿ ನಮ್ಮನೇಲಿ ಇದ್ದಳು" ಎಂದಳಂತೆ. ಇವರು ಎಲೆಯ ಮುಂದಿಂದ ಎದ್ದು ಹೋಗಿ ಕೆನ್ನೆಗೆ ಬಾರಿಸಿದರಂತೆ. ಆವತ್ತು ಹೋದ ತಂಗಿ ಮತ್ತೆ ಬಂದಿಲ್ಲ. ಹದಿನೆಂಟು ಕಿಲೋಮೀಟರು ದೂರ, ಶಿವಮೊಗ್ಗದ ರಾಗಿಗುಡ್ಡದಲ್ಲಿ ಮನೆ.

"ಸುಳ್ಳು ಹೇಳಿದೋರಿಗೆಲ್ಲ ಬರೀ ಬೈದಿದೀನಿ ಮೇಷ್ಟ್ರೇ. ಅಷ್ಟು ಜೋರಾಗಿ ಹೊಡೆದಿದ್ದು ನಿಜ ಹೇಳಿದೋಳಿಗೆ."

ನನ್ನ ಕೈ ಜೇಬಿನ ಪೆನ್ನಿಗೆ ಹೋಗಿ ವಾಪಸ್ ಬಂತು.

"ನೀವು ಒಂದ್ ಕೆಲಸ ಮಾಡಿ. ರಾಗಿಗುಡ್ಡಕ್ಕೆ ಹೋಗಿ ಅವಳು ಹೆಂಗಿದಾಳೆ ನೋಡ್ಕೊಂಡು ಬನ್ನಿ. ನಾನು ಕಳಿಸ್ದೆ ಅನ್ನಿ. ಬರ್ಲಾ ಅಂತ ಕೇಳಿ."

ಆಗಸ್ಟ್ 20, ಬುಧವಾರ

ಪದ್ಮಮ್ಮ ಅಕ್ಕನ ಅರ್ಧದಷ್ಟಿದ್ದಾರೆ. ಧ್ವನಿ ಕಾಲುಭಾಗ. ಮನೆಯ ಜಗಲಿಯಲ್ಲಿ ಹೊಲಿಗೆ ಮೆಷಿನ್ನು. ನಾನು ಯಾರು, ಯಾರು ಕಳಿಸಿದ್ದು ಎಂದು ಹೇಳುತ್ತಿದ್ದಂತೆ ತುಳಿಯುವುದನ್ನು ನಿಲ್ಲಿಸಿದರು.

"ಹನ್ನೊಂದು ಗೌರಿ ಹಬ್ಬ ಆಯ್ತು. ತವರಿಂದ ಒಂದು ಬಾಗಿನ ಇಲ್ಲ. ಈಗ ಮೇಷ್ಟ್ರನ್ನ ಕಳ್ಸಿದಾಳಾ?"

"ಅವರಿಗೆ ಭಯ" ಎಂದೆ.

"ಅವಳಿಗಾ!" ನಕ್ಕರು. ನಗು ಅರ್ಧಕ್ಕೆ ನಿಂತಿತು. "ಹೊಡೆಯೋಕೆ ಸ್ವಂತ ಕೈ, ತಪ್ಪಾಯ್ತು ಅನ್ನೋಕೆ ಬಾಡಿಗೆ ಬಾಯಾ? ಹೋಗಿ ಹೇಳಿ, ಅವಳೇ ಬರ್ಲಿ. ಬಂದ್ರೆ ಬಾಗಿಲು ತೆಗೀತೀನೋ ಇಲ್ವೋ, ಅದನ್ನ ಬಂದ ಮೇಲೆ ನೋಡೋಣ."

ಹೊರಡುವಾಗ ಕೂಗಿ ಕರೆದು ಕೇಳಿದರು: "ಅವಳ ಮಂಡಿನೋವು ಹೆಂಗಿದೆ?"

ಆಗಸ್ಟ್ 23, ಶನಿವಾರ

ಕಾಲೇಜಿನಿಂದ ಎಚ್ಚರಿಕೆ ಪತ್ರ ಬಂತು, ಕೆಲಸ ಉಳಿಯಿತು. ಪತ್ರ ಕೈಗಿಡುತ್ತ ಪ್ರಿನ್ಸಿಪಾಲರು ಬಾಗಿಲು ಹಾಕಿ, "ನೀವು ಮಾಡಿದ್ದು ಬಹಳ ದೊಡ್ಡ ತಪ್ಪು ಯುವರಾಜ್" ಎಂದು, ಸ್ವಲ್ಪ ತಡೆದು, "ಬುಟ್ಟಿಯಲ್ಲಿ ಇಟ್ಟಾಗ ಅವರ ಮುಖ ಹೇಗಿತ್ತು?" ಎಂದು ಕೇಳಿದರು. ಅವರೂ ಒಂದು ಕಾಲದಲ್ಲಿ ಹೂವಪ್ಪನವರ ವಿದ್ಯಾರ್ಥಿ.

ಡಾ. ಪ್ರಿಯಂವದಾ ಎಂಬವರು ಹೊಸ ಗೈಡ್ ಆಗಲು ಒಪ್ಪಿದ್ದಾರೆ. ಕಡತ ತೆರೆದು ಮೊದಲು ಕೇಳಿದ್ದೇ, ಇಪ್ಪತ್ತನೆಯವರ ಒಪ್ಪಿಗೆ ಪತ್ರ ಎಲ್ಲಿ ಎಂದು. ಇಲ್ಲ ಎಂದೆ. ಹಾಗಾದರೆ ಹತ್ತೊಂಬತ್ತೇ ಎಂದು ಹೊಡೆದು ಹಾಕಿದರು. ಬೇಸರವಾಗಲಿಲ್ಲ. ಇನ್ನು ಭಾನುವಾರ ಹೋದರೆ ಸುಮ್ಮನೆ ಹೋಗಬಹುದು.

ಆಗಸ್ಟ್ 26, ಮಂಗಳವಾರ, ಗೌರಿ ಹಬ್ಬ

ತಂಗಿಯ ಮಾತನ್ನೂ ಮಂಡಿನೋವಿನ ಪ್ರಶ್ನೆಯನ್ನೂ ಭಾನುವಾರವೇ ತಲುಪಿಸಿದ್ದೆ. ಬೆಳಿಗ್ಗೆ ಒಂಬತ್ತಕ್ಕೆ ಶಂಕರಕ್ಕ ಶಿವಮೊಗ್ಗದಲ್ಲಿ ಬಸ್ಸಿನಿಂದ ಇಳಿದರು. ಹಿಟ್ಟಿಲ್ಲದ ಮುಖವನ್ನು ನಾನು ನೋಡಿರಲೇ ಇಲ್ಲ, ಗುರುತು ಸಿಗಲಿಲ್ಲ. ಹಸಿರು ಸೀರೆ, ಕೈಯಲ್ಲಿ ಬಾಗಿನದ ಮೊರ. ಹಿಂದೆ ಶೇಷಪ್ಪ, ತಲೆಯ ಮೇಲೆ ಒಂದು ಡಬ್ಬ ಹಿಟ್ಟು. ಗಿರಣಿಗೆ ಇವತ್ತು ಬೀಗ.

ರಾಗಿಗುಡ್ಡದ ತಿರುವಿನಲ್ಲಿ ಅಕ್ಕ ನಿಂತರು. "ನೀರು ಕುಡೀಬೇಕು" ಎಂದರು. ಕುಡಿದರು. ಹತ್ತು ಹೆಜ್ಜೆ ನಡೆದು, "ಚಪ್ಪಲಿ ಕಚ್ತಿದೆ" ಎಂದರು. ಸರಿಮಾಡಿಕೊಂಡರು. ಮತ್ತೆ ಹತ್ತು ಹೆಜ್ಜೆಗೆ, "ಮೇಷ್ಟ್ರೇ, ಅವಳು ಎಲ್ಲರೆದುರು ಬಾಗಿಲು ಹಾಕ್ಬಿಟ್ರೆ?" ಎಂದರು.

"ಮೆಟ್ಟಿಲ ಮೇಲೆ ಕೂರೋಣ. ನನಗೆ ಅಭ್ಯಾಸ ಆಗಿದೆ" ಎಂದೆ.

ಪದ್ಮಮ್ಮ ಬಾಗಿಲಲ್ಲೇ ನಿಂತಿದ್ದರು. ಬಸ್ಸಿಳಿದಾಗಿನಿಂದ ಅಕ್ಕ ಗೊಣಗಿಕೊಂಡು ಬಂದ ಮಾತು 'ತಪ್ಪಾಯ್ತು ಕಣೇ'. ಬಾಯಿ ತೆರೆದಾಗ ಬಂದದ್ದು, "ಏನೇ ಹಿಂಗೆ ಸೊರಗಿದೀಯ, ಊಟ ಮಾಡಲ್ವಾ?" ಗಿರಣಿಯ ಧ್ವನಿ. ಪಕ್ಕದ ಮನೆಯ ನಾಯಿ ಎದ್ದು ಓಡಿತು.

"ಕೂಗ್ಬೇಡ. ಇದು ನಿನ್ನ ಗಿರಣಿ ಅಲ್ಲ."

"ನಾನೆಲ್ಲಿ ಕೂಗ್ದೆ? ಮಾತಾಡ್ತಿದೀನಿ!"

"ಆವತ್ತೂ ಹಿಂಗೇ ಅಂದೆ, ಆಮೇಲೆ ಹೊಡೆದೆ!"

"ನೀನು ಅಷ್ಟು ಜನರೆದುರು ಅಂದ್ಯಲ್ಲ! ಒಳಗೆ ಕರೆದು ಹೇಳೋಕಾಗ್ತಿರ್ಲಿಲ್ವಾ?"

"ಒಳಗೆ ಕರೆದು ಹೇಳೋಕೆ ನಿನ್ನ ಹತ್ರ ಯಾರಿಗೆ ಧೈರ್ಯ ಇತ್ತು ಮಾರಾಯ್ತಿ!"

ಪದ್ಮಮ್ಮನ ಕಾಲುಭಾಗದ ಧ್ವನಿ ಎಲ್ಲಿ ಹೋಯಿತೋ, ಅಕ್ಕನಿಗೆ ಸರಿಸಮನಾಗಿ ಏರಿತ್ತು. ತವರಿನ ಹಿತ್ತಾಳೆ ಹಂಡೆ ಬಂತು, ಯಾರದೋ ಮದುವೆಯಲ್ಲಿ ಬಡಿಸದೇ ಹೋದ ಲಾಡು ಬಂತು, ಮೂರನೇ ಕ್ಲಾಸಿನ ಸ್ಲೇಟು ಬಂತು. ಇಬ್ಬರೂ ಹೊಸ್ತಿಲ ಆಚೀಚೆ ನಿಂತು ಕೈ ಬೀಸುತ್ತಿದ್ದರು. ಶೇಷಪ್ಪನವರ ಕೈ ಗೋಡೆಯ ಮೇಲೆ ಸ್ವಿಚ್ಚು ಹುಡುಕುತ್ತಿತ್ತು.

ಇದ್ದಕ್ಕಿದ್ದಂತೆ ಅಕ್ಕ ಕೇಳಿದರು, ಮೆಲ್ಲಗೆ: "ನಿಜಕ್ಕೂ ಅಮ್ಮ ನನಗೆ ಹೆದರ್ತಿದ್ಲೇನೇ?"

ಪದ್ಮಮ್ಮ ಮೊರದ ಕಡೆ ನೋಡಿದರು. ಇಲ್ಲ ಎನ್ನಬಹುದಿತ್ತು. ಹಬ್ಬದ ದಿನ, ಎದುರಿಗೆ ಬಾಗಿನ ಹಿಡಿದು ನಿಂತ ಅಕ್ಕ.

"ಹೂಂ. ಹೆದರ್ತಿದ್ಲು."

ಅಕ್ಕನ ಬಲಗೈ ಮೊರದ ಅಂಚನ್ನು ಗಟ್ಟಿಯಾಗಿ ಹಿಡಿಯಿತು. ಕೈ ಮೇಲೇಳಲಿಲ್ಲ.

"ತಪ್ಪಾಯ್ತು ಕಣೇ" ಎಂದರು. "ಅವಳಿಗೂ ಹೇಳ್ಬೇಕಿತ್ತು."

ಪದ್ಮಮ್ಮ ಕಣ್ಣೊರೆಸಿಕೊಂಡು, ಶೇಷಪ್ಪನವರ ತಲೆಯ ಮೇಲಿದ್ದ ಡಬ್ಬ ಇಳಿಸಿಕೊಂಡು, ಮುಚ್ಚಳ ತೆಗೆದು, ಚಿಟಿಕೆ ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿದರು. "ತರಿ ತರಿ ಇದೆ" ಎಂದರು.

"ಏನಂದೆ? ನನ್ನ ಗಿರಣಿ ಹಿಟ್ಟು ತರಿ ತರೀನಾ?"

ಮತ್ತೆ ಶುರುವಾಯಿತು. ಈ ಸಲ ಹೊಸ್ತಿಲ ಒಳಗೆ. ಗಲಾಟೆಗೆ ಎದುರು ಮನೆಯ ಇಬ್ಬರು ಹೆಂಗಸರು ಓಡಿಬಂದು, "ಏನ್ ಪದ್ಮಕ್ಕ, ಯಾರದು, ಯಾಕೆ ಜಗಳ?" ಎಂದು ನನ್ನ ಹೆಗಲ ಮೇಲಿಂದ ಇಣುಕಿದರು.

ಪದ್ಮಮ್ಮ ಅಕ್ಕನ ಮೊರವನ್ನು ಕೈಯಿಂದ ಕಿತ್ತುಕೊಂಡು ಎದೆಗೊತ್ತಿಕೊಂಡೇ ತಿರುಗಿ ಹೇಳಿದರು:

"ನಮ್ಮಕ್ಕ ಬಂದಿದಾಳೆ. ಇನ್ನೂ ಜೋರಾಗುತ್ತೆ. ಬೇಕಾದ್ರೆ ನಿಮ್ಮನೆ ಬಾಗಿಲು ಹಾಕ್ಕೊಳ್ಳಿ!"